ಮುಖವಾಡ ಹಾಕಿದ ಭಾವ

ತಂಗಿ ಲವೋನ್,

ಲೂಸಿಯಾನಾದಲ್ಲಿ ಗೆಳತಿ ಓಡೀಲ್‌ಳ ಅಂಗಳದಲ್ಲಿ ನಮ್ಮ ಮನೆ-ವ್ಯಾನ್ ನಿಲ್ಲಿಸಿದ್ದೇವೆ. ಇಲ್ಲಿ ಸ್ವೆಟರ್ ಬೇಡ. ಇವತ್ತು ಕಾರ್ನಿವಲ್ ಹಬ್ಬ, ಇಲ್ಲಿನ ಪದ್ಧತಿಯಂತೆ ಮುಖವಾಡದವರು ಕುದುರೆಯೇರಿ ಮನೆಮನೆಗೂ ಊರೂಟಕ್ಕೆ ಕೋಳಿ ಬೇಡಲು ಬಂದರು. ಒಬ್ಬ ನನ್ನೆದುರು ಮಂಡಿಯೂರಿ, "ಒಂದು ಕೋಳಿ ಕೊಡಮ್ಮಾ" ಎಂದ. ದನಿ ನಿನ್ನ ಭಾವನದು!

"ಹ್ಯಾರ್ಲನ್, ಏಳ್ರೀ, ಮಂಡಿ ನೋಯತ್ತೆ."

"ನೀನ್ಯಾರಮ್ಮ? ಯಾರ ಹೆಂಡ್ತಿ?"

ಎಲ್ಲರೂ ನಕ್ಕರು. "ಮುಖವಾಡ ಹಾಕಿದ್ಮೇಲೆ ಗುರುತಿಲ್ಲದವರ ಥರಾನೇ ಆಡ್ಬೇಕು ಕಣೇ" ಎಂದಳು ಓಡೀಲ್. ನಾನೂ ನಕ್ಕೆ.

ಡಾಕ್ಟರು ಇವರಿಗೆ ಕೊಟ್ಟ ನೆನಪಿನ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಆದರೂ ಮುಖವಾಡ ತೆಗೆದು ಊಟಕ್ಕೆ ಕೂತಾಗ, ನನಗೆ ಬಡಿಸುತ್ತಾ ಬಲು ಮರ್ಯಾದೆಯಿಂದ, "ಯಾವೂರಾಯ್ತು ನಿಮ್ದು?" ಎಂದರು. ಇದೂ ಆಟವೋ ಏನೋ, ತಿಳಿಯಲಿಲ್ಲ. "ನಿಮ್ಮೂರೇ" ಅಂದೆ. ತುಂಬಾ ಸಂತೋಷಪಟ್ಟರು.

ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನಕ್ಕ,
ಆರ್ಡಿಸ್