ಗ್ಯಾಸ್ ಸೆನ್ಸರ್ ಕೆಳಗಿಳಿಸು

ಯೋಗೀಶ,

ಎದ್ದ ಕೂಡಲೇ ಇದನ್ನು ಓದು, ಮೊಬೈಲ್ ಆಮೇಲೆ ನೋಡು. ನಾನು ಕೆಂಗೇರಿ ಬ್ರಾಂಚಿಗೆ ಹೊರಟೆ.

ನಿನ್ನೆ ನೀನು ಕ್ರಿಕೆಟ್ ಆಡಲು ಹೋಗಿದ್ದಾಗ ಹಾಲು ಉಕ್ಕಿ ಒಲೆ ಆರಿ, ಗ್ಯಾಸ್ ಬರುತ್ತಲೇ ಇತ್ತು. ಅಮ್ಮ ಅಡುಗೆಮನೆಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೋವಿಡ್ ಬಂದಾಗಿನಿಂದ ಅವಳಿಗೆ ವಾಸನೆಯೇ ತಿಳಿಯೋದಿಲ್ಲ, ಅದಕ್ಕೇ ಅಲ್ಲವೇನೋ ಆ ಸೆನ್ಸರ್ ತರಿಸಿದ್ದು? ಅದು ಕಮಕ್ ಕಿಮಕ್ ಅನ್ನಲಿಲ್ಲ. ಮೆಟ್ಟಿಲಿಳಿದು ನಮ್ಮ ಬಾಗಿಲು ದಾಟುತ್ತಿದ್ದ ಮಹಡಿ ಮನೆಯ ಪಾರವ್ವ "ಯಶೋದಮ್ಮಾರ, ಗ್ಯಾಸ್ ವಾಸ್ನಿ ಬರಾಕತ್ತೈತ್ರಿ!" ಅಂತ ಓಡಿಬಂದು ಸಿಲಿಂಡರ್ ಬಂದ್ ಮಾಡಿದರು.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತೆ. ನೀನು ವೈರ್ ಕಾಣಬಾರದು ಅಂತ ಅದನ್ನು ಸಜ್ಜೆಯ ಮೇಲೆ ಕೂರಿಸಿದ್ದೀಯ. ಡಬ್ಬಿಯಲ್ಲಿದ್ದ ಹಾಳೆಯಲ್ಲಿ ಚಿತ್ರ ಸಮೇತ ಇದೆ, ಓದೋಕೆ ಏನೋ ರೋಗ?

ಇವತ್ತೇ ಬಿಚ್ಚಿ, ನೆಲದಿಂದ ಒಂದಡಿ ಎತ್ತರಕ್ಕೆ ಹಾಕು. ಅಲರ್ಟ್ ನಿನ್ನ ಮೊಬೈಲಿಗೆ ಮಾತ್ರ ಅಲ್ಲ, ನನ್ನದಕ್ಕೂ ಪಾರವ್ವನವರದಕ್ಕೂ ಬರಲಿ. ಅಲ್ಲಿಯವರೆಗೆ ಅಮ್ಮ ಒಲೆ ಹಚ್ಚೋದು ಬೇಡ. ಉಪ್ಪಿಟ್ಟು ಮಾಡಿಟ್ಟಿದ್ದೀನಿ, ಇಬ್ಬರೂ ತಿನ್ನಿ.

ಸೆನ್ಸರ್ ಯಾಕೆ ಕೂಗಲಿಲ್ಲ ಅಂತ ಕೇಳಿದ್ದಕ್ಕೆ ಅಮ್ಮ ಏನಂದಳು ಗೊತ್ತಾ? "ಯೋಗಿ ಹಾಕಿರೋದು ಕಣೇ, ಕೂಗೇ ಇರುತ್ತೆ. ನಂಗೆ ಕಿವೀನೂ ಹೋಯ್ತೋ ಏನೋ."

ಬೆಳಿಗ್ಗೆಯಿಂದ ಅಲಾರಂ ಗಡಿಯಾರವನ್ನು ಕಿವಿಗೆ ಹಿಡಿದು ಹಿಡಿದು ನೋಡುತ್ತಿದ್ದಾಳೆ. ನಾನು ಹೇಳಿದರೆ ನಂಬುತ್ತಿಲ್ಲ. ಅವಳ ಕಿವಿ ಚೆನ್ನಾಗಿದೆ, ತಪ್ಪು ನಿಂದು ಅಂತ ನೀನೇ ಬಾಯಿಬಿಟ್ಟು ಹೇಳು.

ಧನ್ಯಕ್ಕ