ಕಂಪ್ಯೂಟರಿನೊಳಗೆ ಖೋ ಖೋ

ಸೋಮವಾರ, 4 ಜುಲೈ 1988. ಗಂಗಾವತಿ

ಪ್ರಾರ್ಥನೆ ಮುಗಿಯಿತು. ಕಂಪ್ಯೂಟರ್ ಕೋಣೆಯ ಬೀಗ ತೆಗೆದೆ. ಹೊದಿಕೆ ಸರಿಸಿ, ಒರೆಸಿ, ಮತ್ತೆ ಹೊದಿಸಿದೆ. ಇಷ್ಟೇ ಕೆಲಸ. ನಮ್ಮ ಶಾಲೆಗೆ ಈ ಕಂಪ್ಯೂಟರ್ ಬಂದು ಎಷ್ಟೋ ದಿನವಾಯಿತು. ಹುಬ್ಬಳ್ಳಿಯಲ್ಲಿ ತರಬೇತಿ ಪಡೆದವಳು ನಾನೊಬ್ಬಳೇ, ಗಣಿತದ ಟೀಚರ್. ಹುಡುಗಿಯರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಇಣುಕುತ್ತಾರೆ. ಮುಟ್ಟುವುದಿಲ್ಲ — ಕೆಟ್ಟುಹೋದರೆ ಎಂಬ ಹೆದರಿಕೆ.

ಹೆಡ್‌ಮಾಸ್ತರ್ ಉಮಾಪತಿಯವರು ಕರೆದರು. "ಗುರುಲಿಂಗಮ್ಮಾರ, ಮುಂದಿನ ತಿಂಗಳ ಶಿಕ್ಷಣ ಇಲಾಖೆ ಸಾಹೇಬರು ನೋಡಾಕ ಬರ್ತಾರ. ಯಾರೂ ಕಲೀಲಿಲ್ಲಂದ್ರ ಮಷಿನ್ ಬ್ಯಾರೆ ಸಾಲಿಗೆ ಒಯ್ತಾರಂತ."

ಮಧ್ಯಾಹ್ನ ಮತ್ತೆ ಹೋಗಿ ಬೀಗ ತೆಗೆದು ನೋಡಿದೆ.

ಗುರುವಾರ, 7 ಜುಲೈ

ಒಂಬತ್ತನೆಯ ತರಗತಿಯ ಹಸೀನಾಬೇಗಂ — ಖೋ ಖೋ ತಂಡದ ಕ್ಯಾಪ್ಟನ್. ಹೋದ ತಿಂಗಳು ಆಡುವಾಗ ಬಿದ್ದು ಕಾಲು ಮುರಿಯಿತು. ಪ್ಲಾಸ್ಟರ್. ತಾಯಿ ಜುಬೇದಾಬೀ ಸೈಕಲ್ ಕ್ಯಾರಿಯರ್ ಮೇಲೆ ಕೂಡಿಸಿ ತಳ್ಳಿಕೊಂಡು ಬರುತ್ತಾಳೆ. ಇವತ್ತು ಅಂದಳು, "ಗ್ರೌಂಡ್ ನೋಡಿ ಅಳ್ತಾಳ್ರಿ ಅಕ್ಕಾರ. ಸಾಲಿ ಬಿಡಸ್ತೀನಿ."

ಆಟದ ಪೀರಿಯಡ್‌ನಲ್ಲಿ ಹಸೀನಾಳನ್ನು ಕಂಪ್ಯೂಟರ್ ಮುಂದೆ ಕೂಡಿಸಿದೆ.

"ಅಕ್ಕಾರ, ಮಿಲ್ ಮಾಲೀಕರ ಮನ್ಯಾಗ ಟಿವಿಗೆ ಹಚ್ಚಿ ಟೆನಿಸ್ ಆಡೋ ಡಬ್ಬಿ ಐತ್ರಿ. ಆ ಆಟ ಇದ್ರಾಗ ಬರಂಗಿಲ್ಲೇನ್ರಿ?"

"ಅದು ವಿಡಿಯೋ ಗೇಮ್. ಅದಕ್ಕ ಅದರದೇ ಮಷಿನ್ ಬೇಕು."

"ಇದಕ್ಕೂ ಯಾಕ ಮಾಡಿಲ್ರಿ?"

ಮನೆಗೆ ಹೋಗುವ ದಾರಿಯುದ್ದ ಅದೇ ಪ್ರಶ್ನೆ. ಡಬ್ಬಿ ಮಾಲೀಕರ ಮನೆಯದು, ಆಡುವವರು ಅವರ ಮಕ್ಕಳು. ಇದು ಶಾಲೆಯದು... ನಿಜ, ಯಾಕೆ ಮಾಡಿಲ್ಲ?

ಮಂಗಳವಾರ, 12 ಜುಲೈ

ಆಟದ ಪ್ರೋಗ್ರಾಂ ನಾನೇ ಬರೆಯುತ್ತಿದ್ದೇನೆ. ಖೋ ಖೋ. ಸಾಲಾಗಿ ಸೊನ್ನೆಗಳು — ಕೂತ ಹುಡುಗಿಯರು. ಓಡುವವಳು ಒಂದು ಚುಕ್ಕಿ, ಬೆನ್ನಟ್ಟುವವಳು ಇನ್ನೊಂದು. ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿರಲಿಲ್ಲ. ಎಲ್ಲ ಅಳಿಸಿಹೋಯಿತು. ಮೊದಲಿನಿಂದ.

ಶನಿವಾರ, 16 ಜುಲೈ

ಓಡಿತು! ಚುಕ್ಕಿ ಓಡಿತು! ಹಸೀನಾ ನಕ್ಕಳು. ಕಾಲು ಮುರಿದ ಮೇಲೆ ಅವಳ ನಗು ನೋಡಿರಲಿಲ್ಲ. ಮರುಕ್ಷಣ ಜಗಳ — "ಬೆನ್ನಟ್ಟಾಕಿ ಹಿಂದಕ್ಕ ತಿರುಗಿದ್ಳಲ್ರಿ! ಫೌಲ್!"

ಆ ನಿಯಮ ನನಗೂ ಗೊತ್ತಿತ್ತು. ಬರೆಯುವುದು ಕಷ್ಟವೆಂದು ಬಿಟ್ಟಿದ್ದೆ. "ನೀನ ತಿದ್ದು," ಅಂದು ಪ್ರೋಗ್ರಾಂ ತೆರೆದು ತೋರಿಸಿದೆ. ಡಬ್ಬಿಯ ಆಟವನ್ನು ಹೀಗೆ ಬಿಚ್ಚಲು ಬರುವುದಿಲ್ಲ. "ಇಫ್ ಅಂದ್ರೇನ್ರಿ? ದೆನ್ ಅಂದ್ರ?" "ಹಿಂಗಾದ್ರ, ಹಂಗ ಮಾಡು," ಅಂದೆ. ಸಂಜೆಯ ತನಕ ಏಳಲಿಲ್ಲ. ಜುಬೇದಾಬೀ ಸೈಕಲ್ ಹಿಡಿದು ನಿಂತೇ ಇದ್ದಳು. ಬೈಯಲಿಲ್ಲ.

ಸೋಮವಾರ, 25 ಜುಲೈ

ಕೋಣೆ ತುಂಬ ಹುಡುಗಿಯರು. ಬಾಗಿಲಲ್ಲಿ ಚಪ್ಪಲಿ ರಾಶಿ. ಉಮಾಪತಿಯವರು ಬಂದರು.

"ಇದೇನ್ ಆಟದ ಮನಿ ಮಾಡೀರೇನ್ರಿ?"

"ಆಡಾಕಂತ ಬರ್ತಾರ್ರಿ ಸರ್. ತಿದ್ದಾಕಂತ ಕೂಡ್ತಾರ."

ಬಗ್ಗಿ ಪರದೆ ನೋಡಿ ಹೋದರು. ಒಳ್ಳೆಯದೋ, ಕೆಟ್ಟದ್ದೋ?

ಮಂಗಳವಾರ, 9 ಆಗಸ್ಟ್

ಸಾಹೇಬರು ಬಂದರು. ಹಸೀನಾ ತೋರಿಸಿದಳು. ಸಾಹೇಬರೇ ಕುರ್ಚಿ ಎಳೆದುಕೊಂಡು ಆಡಿದರು — ಔಟ್. ಮತ್ತೆ ಆಡಿದರು, ಮತ್ತೆ ಔಟ್. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು.

"ಯಾರು ಬರೆದದ್ದು ಇದನ್ನ?"

ಉಮಾಪತಿಯವರು ನನಗಿಂತ ಮೊದಲೇ, "ಟೀಚರ್ ಬರದಾರ್ರಿ, ನಮ್ಮ ಹುಡುಗ್ಯಾರು ತಿದ್ದ್ಯಾರ. ಆಟ ಹಚ್ಚಿದ್ದಕ್ಕನ ಕಲತಾರ್ರಿ ಸರ್."

"ಹಾಗಾದರೆ ಮಷಿನ್ ಇಲ್ಲೇ ಇರಲಿ."

ಸ್ಟಾಫ್ ರೂಮಿಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದೆ. ಅಬ್ಬಾ... ಕೂತಲ್ಲೇ ನಗು ಬಂತು. ಒಬ್ಬಳೇ ನಕ್ಕೆ.

ಶನಿವಾರ, 20 ಆಗಸ್ಟ್

ನಿನ್ನೆ ಹಸೀನಾಳ ಪ್ಲಾಸ್ಟರ್ ಬಿಚ್ಚಿದ್ದಾರೆ. ಬೆಳಿಗ್ಗೆ ಜುಬೇದಾಬೀ ಹೇಳಿದಳು, "ಸಾಲಿ ಬಿಡಸೂದಿಲ್ರಿ ಅಕ್ಕಾರ. ಉಣ್ಣು ಅಂದ್ರ ಇಫ್ ಅಂತಾಳ, ಮಲಕೋ ಅಂದ್ರ ದೆನ್ ಅಂತಾಳ. ಮನ್ಯಾಗ ಇಟಗೊಂಡು ನಾ ಏನ್ ಮಾಡ್ಲಿ?" ಇಬ್ಬರೂ ನಕ್ಕೆವು.

ಈಗ ಎಲ್ಲರಿಗೂ ಕಬಡ್ಡಿ ಬೇಕಂತೆ. ಆಮೇಲೆ ಲಗೋರಿ. ಕಬಡ್ಡಿಯಲ್ಲಿ ಉಸಿರನ್ನು ತೋರಿಸುವುದು ಹೇಗೆ? ಒಂದು ಕೀ ಒತ್ತಿ ಹಿಡಿದಷ್ಟು ಹೊತ್ತು ಉಸಿರು, ಬಿಟ್ಟರೆ... ಆಗಬಹುದು. ಹಸೀನಾಳನ್ನು ಕೇಳಬೇಕು. ಅಗೋ, ವರಾಂಡದಲ್ಲಿ ಅವಳೇ ಬರುತ್ತಿದ್ದಾಳೆ. ಯಾರ ಕೈಯನ್ನೂ ಹಿಡಿದಿಲ್ಲ. ಕುಂಟುತ್ತ, ಆದರೆ ತಾನೇ ನಡೆದು —