ತಿರುವಿನಲ್ಲಿ ಕಂಡ ಬೆನ್ನು

ಅಕ್ಟೋಬರ್ ೧೭, ಮಂಗಳವಾರ

ಬೆಳಿಗ್ಗೆ ಆರಕ್ಕೆ ಶಾಲೆಯ ಬಸ್ಸು ಹೊರಡಿಸಿದೆ. ಹೀಟರ್ ಇನ್ನೂ ಸರಿಹೋಗಿಲ್ಲ. ವಿಪರೀತ ಮಂಜು. ಹೆಡ್‌ಲೈಟು ಹಾಲಿನಲ್ಲಿ ಬೆರಳದ್ದಿದ ಹಾಗೆ. ಮಕ್ಕಳು ಯಾರೂ ಹತ್ತಿರಲಿಲ್ಲ. ಎಲ್ಡನ್ ರೈಶ್‌ನ ಜಮೀನಿನ ತಿರುವಿನಲ್ಲಿ ಒಬ್ಬ ಗಂಡಸು ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿದ್ದ. ಬೂದು ಜಾಕೆಟ್ಟು. ಕತ್ತು ಮುಂದಕ್ಕೆ ಚಾಚಿಕೊಂಡು.

ನಿಲ್ಲಿಸಲಿಲ್ಲ. ಒಂದು ಮೈಲು ದಾಟಿ ಕನ್ನಡಿ ನೋಡಿದರೆ ಹಿಂದಿನ ಮಂಜೆಲ್ಲ ಕಿತ್ತಳೆ ಬಣ್ಣ. ಸೂರ್ಯ ಹುಟ್ಟಿದ ಅಂದುಕೊಂಡೆ. ಎಷ್ಟು ಚೆಂದ ಅಂತ ಕೂಡ ಅನ್ನಿಸಿತು. ಅದು ಪಶ್ಚಿಮ ಎಂದು ಹೊಳೆಯಲು ಇನ್ನೊಂದು ಮೈಲು ಬೇಕಾಯಿತು.

ಎಲ್ಡನ್‌ನ ಹುಲ್ಲಿನ ಕೊಟ್ಟಿಗೆ ಪೂರ್ತಿ ಸುಟ್ಟುಹೋಯಿತು. ಒಳಗೆ ಎರಡು ಹೆಣ್ಣುಕುದುರೆ ಇದ್ದವು.

ಸಂಜೆ ಶೆರಿಫ್ ಆಫೀಸಿನ ಡೆಪ್ಯುಟಿ ಬೆಂಕಿಯ ತನಿಖೆಗೆ ಬಂದಿದ್ದ.

"ದಾರೀಲಿ ಯಾರನ್ನಾದ್ರೂ ನೋಡಿದ್ರಾ ಲವಾನ್?"

"ಒಬ್ಬನ್ನ ನೋಡಿದೆ."

"ಗುರುತು ಸಿಕ್ತಾ?"

ಬಾಯಿ ತಾನಾಗಿ ಹೇಳಿತು: "ವೇಡ್ ಪೋಕೋರ್ನಿ ಥರ ಇದ್ದ."

ಅವನು ಬರೆದುಕೊಂಡದ್ದರಲ್ಲಿ ಆ 'ಥರ' ಇತ್ತೋ ಇಲ್ಲವೋ. ಕನ್ನಡಕ ಒಳಗಿತ್ತು. ಸಹಿ ಹಾಕಿ ಕೊಟ್ಟೆ.

ಅಕ್ಟೋಬರ್ ೧೯, ಗುರುವಾರ

ವೇಡ್‌ನನ್ನು ಹಿಡಿದಿದ್ದಾರೆ. ಇಪ್ಪತ್ತಾರು ವರ್ಷ. ಎಲ್ಡನ್ ಹತ್ತಿರ ಕೆಲಸಕ್ಕಿದ್ದ, ಕಳೆದ ತಿಂಗಳು ಜಗಳವಾಗಿ ಬಿಟ್ಟಿದ್ದ. ಟ್ರಕ್ಕಿನಲ್ಲಿ ಲೈಟರ್ ಸಿಕ್ಕಿತಂತೆ. ಯಾರ ಟ್ರಕ್ಕಿನಲ್ಲಿ ಸಿಗುವುದಿಲ್ಲ?

ಹನ್ನೊಂದು ವರ್ಷ ನನ್ನ ಬಸ್ಸಿನಲ್ಲೇ ಶಾಲೆಗೆ ಬಂದವನು. ಕೊನೆಯ ಸೀಟು. ಏಳನೇ ಕ್ಲಾಸಿನಲ್ಲಿ ಕಡ್ಡಿ ಗೀರಿ ಆ ಸೀಟನ್ನು ಸುಟ್ಟಿದ್ದ. ರಿಪೋರ್ಟ್ ಬರೆದು ಕೊಟ್ಟವಳು ನಾನೇ. ಅಂದಿನಿಂದ ಪ್ರತಿ ದಿನ ಕನ್ನಡಿಯಲ್ಲಿ ಮೊದಲು ನೋಡುತ್ತಿದ್ದದ್ದು ಅವನ ಮುಖ.

ಅವನ ತಾಯಿ ಅರ್ಲೀನ್ ಶಾಲೆಯ ಅಡುಗೆಮನೆಯಲ್ಲಿದ್ದಾಳೆ. ಇಪ್ಪತ್ತು ವರ್ಷದಿಂದ ನನ್ನ ಕಾಫಿ ಅವಳ ಕೈಯದು. ಇವತ್ತು ಕೋರ್ಟಿಗೆ ಹೋಗಿದ್ದಳು. ಜಡ್ಜಮ್ಮ ಆರೋಪ ಓದಿ ಹೇಳಿದರಂತೆ, ಜಾಮೀನಿನ ಹಣ ಗೊತ್ತುಮಾಡಿದರಂತೆ. ಕಟ್ಟಲು ಇವರ ಕೈಲಾಗುವುದಿಲ್ಲ. ಹೀಗಾಗಿ ಒಳಗೇ.

ನವೆಂಬರ್ ೯, ಗುರುವಾರ

ಕೋರ್ಟ್‌ಹೌಸಿನ ಕೆಳಮಹಡಿ. ಮರದ ಬೆಂಚಿಗೆ ಈಗಷ್ಟೇ ಎಣ್ಣೆ ಹಚ್ಚಿದ ವಾಸನೆ. ವೇಡ್ ಮೇಲಿನ ಕೇಸು ನಡೆಸುವ ಕೌಂಟಿ ವಕೀಲ ಹಾಲ್ವರ್ಸನ್ ಪಕ್ಕದಲ್ಲಿ ಕೂತು ಧೈರ್ಯ ಹೇಳಿದ.

"ಇವತ್ತು ತೀರ್ಪೇನೂ ಇಲ್ಲ. ಕೇಸಲ್ಲಿ ಹುರುಳಿದೆಯಾ ಅಂತ ಅಷ್ಟೇ ನೋಡೋದು. ನೀವು ನೋಡಿದ್ದನ್ನ ಹೇಳಿ, ಸಾಕು."

ಕೈ ಎತ್ತಿ ಪ್ರಮಾಣ ಮಾಡಿದೆ. ಹಾಲ್ವರ್ಸನ್ ಎದ್ದು ಕೇಳಿದ:

"ರಸ್ತೇಲಿ ನೀವು ನೋಡಿದ ಮನುಷ್ಯ ಈ ಕೋಣೇಲಿ ಇದಾನಾ?"

"ಇದಾನೆ."

"ತೋರಿಸಿ."

ತೋರಿಸಿದೆ. ನನ್ನ ಬೆರಳು ಬೇರೆ ಯಾರದೋ ಅನ್ನಿಸಿತು, ತುಂಬ ಉದ್ದ. ಜೈಲಿನ ಕಿತ್ತಳೆ ಅಂಗಿಯಲ್ಲಿ ವೇಡ್ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ನಿಲ್ದಾಣದಲ್ಲಿ ಬಸ್ಸು ನಿಲ್ಲದೆ ಮುಂದೆ ಹೋದಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ.

ಅವನ ವಕೀಲೆ ಇನೆಜ್ ಮೊರಾಲೆಸ್, ಸರ್ಕಾರ ಕೊಟ್ಟವಳು, ಎದ್ದು ಒಂದೇ ಪ್ರಶ್ನೆ ಕೇಳಿದಳು. "ಅವನ ಮುಖ ನೋಡಿದಿರಾ?" ನೋಡಿದೆ ಅಂದೆ.

ಕೇಸು ಮೇಲಿನ ಮಹಡಿಯ ದೊಡ್ಡ ಕೋರ್ಟಿಗೆ ಹೋಯಿತು.

ಡಿಸೆಂಬರ್ ೪, ಸೋಮವಾರ

ಕರೆಯದಿದ್ದರೂ ಕೋರ್ಟಿಗೆ ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. "ತಪ್ಪು ಮಾಡಿಲ್ಲ" ಅಂದ ವೇಡ್. ಎರಡೇ ಪದ. ವಿಚಾರಣೆ ಮಾರ್ಚ್‌ಗೆ. ತೀರ್ಪು ಹೇಳಲು ಊರಿನ ಹನ್ನೆರಡು ಜನ ಜ್ಯೂರಿಯಾಗಿ ಬರುತ್ತಾರೆ.

ಇಷ್ಟಕ್ಕೆ ಐದು ನಿಮಿಷ. ಹೊರಗೆ ಹಿಮ ಬೀಳುತ್ತಿತ್ತು, ಸದ್ದಿಲ್ಲದೆ. ಮಾರ್ಚ್ ಎನ್ನುವುದು ಬೇರೆ ದೇಶದ ಹಾಗೆ ದೂರ ಕಾಣಿಸಿತು.

ಡಿಸೆಂಬರ್ ೨೧

ಮತ್ತೆ ಅದೇ ಕನಸು. ಮಂಜು, ತಿರುವು, ಅವನು ನಡೆಯುತ್ತಿದ್ದಾನೆ. ನವೆಂಬರಿನ ಮೊದಲಲ್ಲಿ ಬರೀ ಕೆನ್ನೆ ಕಾಣುತ್ತಿತ್ತು. ತಿಂಗಳ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ, ಕಣ್ಣು. ಇವತ್ತು ಪೂರ್ತಿ ತಿರುಗಿ, "ಗುಡ್ ಮಾರ್ನಿಂಗ್ ಮಿಸ್ ಲವಾನ್" ಅಂದ. ಏಳನೇ ಕ್ಲಾಸಿನ ದನಿ.

ದಿನ ಕಳೆದ ಹಾಗೆ ನೆನಪು ಮಸುಕಾಗಬೇಕಲ್ಲವೇ? ನನಗೆ ಸ್ಪಷ್ಟವಾಗುತ್ತಿದೆ. ಯಾಕೆ...

ಜನವರಿ ೧೭, ಬುಧವಾರ

ಇದನ್ನು ಇವತ್ತೇ ಬರೆಯಬೇಕು.

ಬೆಳಿಗ್ಗೆ ಮಂಜು. ಅದೇ ಹೊತ್ತು. ಮಿಲ್ ರಸ್ತೆಯಲ್ಲಿ ಒಬ್ಬ ನಡೆಯುತ್ತಿದ್ದ, ನನಗೆ ಬೆನ್ನು ಮಾಡಿ. ನೋಡಿದ ತಕ್ಷಣ ಗೊತ್ತಾಯಿತು — ವೇಡ್. ಕತ್ತು, ಭುಜ, ಎಲ್ಲ. ಅನುಮಾನವೇ ಇಲ್ಲ. ಮುಖ ಕೂಡ ಕಂಡೆ.

ವೇಡ್ ಜೈಲಿನಲ್ಲಿದ್ದಾನೆ.

ಬ್ರೇಕು ಹಾಕಿದೆ. ಬಾಗಿಲು ತೆಗೆದೆ. ಅವನು ಹತ್ತಿರ ಬಂದ. ಐವತ್ತರ ಆಸುಪಾಸು, ಬಿಳಿ ಗಡ್ಡ. ವಿದ್ಯುತ್ ಕಂಬ ನೋಡಲು ಬಂದವನಂತೆ.

"ಏನಮ್ಮಾ, ನಂಗೂ ಸ್ಕೂಲಿಗೆ ಅಡ್ಮಿಶನ್ನಾ?"

ನಗಲಾಗಲಿಲ್ಲ. ಬೆನ್ನು ನೋಡಿದ್ದೆ. ಮುಖ ನಾನೇ ಹಚ್ಚಿದ್ದೆ. ಅಕ್ಟೋಬರಿನಲ್ಲೂ...

ಜನವರಿ ೧೮, ಗುರುವಾರ

ಹಾಲ್ವರ್ಸನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನೋಡಿ ಲವಾನ್, ವಿಚಾರಣೆ ಹತ್ರ ಬಂದಂಗೆ ಎಲ್ಲ ಸಾಕ್ಷಿಗಳಿಗೂ ಹಿಂಗೇ ಆಗತ್ತೆ. ಎದೆ ಹೊಡ್ಕೊಳ್ಳತ್ತೆ. ನೀವು ಒಳ್ಳೇ ಸಾಕ್ಷಿ. ಬಿಸಿಬಿಸಿ ಸೂಪ್ ಕುಡ್ದು ಮಲ್ಕೊಳ್ಳಿ."

ಸೂಪು ಕುಡಿದೆ. ದೇವರೇ, ಸಮಾಧಾನವೂ ಆಯಿತು.

ಫೆಬ್ರವರಿ ೨೨, ಗುರುವಾರ

ತಿಂಗಳ ಮೇಲಾಯಿತು, ಈ ಡೈರಿ ಮುಟ್ಟಿರಲಿಲ್ಲ. ಬರೆದರೆ ಏನಾದರೂ ಮಾಡಬೇಕಾಗುತ್ತದೆ ಎಂದು.

ಇವತ್ತು ಅಡುಗೆಮನೆಯಲ್ಲಿ ಅರ್ಲೀನ್ ಒಬ್ಬಳೇ. ಅಕ್ಟೋಬರಿನಿಂದ ಒಂದು ಮಾತಿಲ್ಲ. ಕಾಫಿ ಮಾತ್ರ ಪ್ರತಿ ದಿನ ಕಿಟಕಿಯ ಕಟ್ಟೆ ಮೇಲೆ ಇಟ್ಟಿರುತ್ತಾಳೆ, ಮುಖ ಆಚೆ ತಿರುಗಿಸಿ. ಇವತ್ತು ತಿರುಗಿಸಲಿಲ್ಲ.

"ಸೋಮವಾರ ಬಿಟ್ಟು ಸೋಮವಾರ ವೇಡ್ ಒಪ್ಕೋತಾನೆ."

"ಏನನ್ನ?"

"ಮಾಡಿದೀನಿ ಅಂತ. ಸಣ್ಣ ಆರೋಪಕ್ಕೆ ಇಳಿಸ್ತಾರಂತೆ. ಒಳಗಿದ್ದ ದಿನಾನೇ ಶಿಕ್ಷೆ ಅಂತ ಲೆಕ್ಕ ಹಾಕಿ ಅವತ್ತೇ ಬಿಟ್ಟುಬಿಡ್ತಾರೆ."

"ಮಾಡಿದಾನಾ ಅರ್ಲೀನ್?"

ಅವಳು ಪಾತ್ರೆ ಕೆಳಗಿಟ್ಟಳು. "ಅದನ್ನ ನೀನು ನನ್ನ ಕೇಳ್ತೀಯಾ?"

ಫೆಬ್ರವರಿ ೨೬, ಸೋಮವಾರ

ಮೊರಾಲೆಸ್‌ಳ ಆಫೀಸಿಗೆ ಹೋದೆ, ಬೇಕರಿಯ ಮೇಲೆ. ಕೆಳಗಿನಿಂದ ಬ್ರೆಡ್ಡಿನ ಬಿಸಿ ಬರುತ್ತಿತ್ತು. ಕಂಬದವನ ವಿಷಯ ಹೇಳಿದೆ. ಅವಳು ಪೆನ್ನು ಎತ್ತಲೇ ಇಲ್ಲ.

"ಇದನ್ನ ಪ್ರಮಾಣ ಮಾಡಿ ಹೇಳ್ತೀರಾ?"

"ಹೇಳ್ತೀನಿ."

"ನವೆಂಬರಲ್ಲಿ ಹೇಳಿದ್ದೂ ಪ್ರಮಾಣ ಮಾಡಿಯೇ. ನಿಮಗೇ ತೊಂದರೆ ಆಗಬಹುದು. ಮೊದಲು ನಿಮ್ಮ ಕಡೆಯ ವಕೀಲರೊಬ್ಬರನ್ನ ಕೇಳಿ. ನಾನು ಅವನ ವಕೀಲೆ, ನಿಮ್ಮವಳಲ್ಲ."

"ಕೇಳೋಕೆ ಹೋದ್ರೆ ಮನಸ್ಸು ಬದಲಾಗತ್ತೆ. ಬರ್ಕೊಳ್ಳಿ."

ಬರೆದುಕೊಂಡಳು. ಈ ಸಲ ಕನ್ನಡಕ ಹಾಕಿಕೊಂಡು ಓದಿ ಸಹಿ ಮಾಡಿದೆ. ಹೋಗುವಾಗ ಅವಳು ಅಂದದ್ದು: "ಇಷ್ಟಾದ್ರೂ ಅವನು ಒಪ್ಕೊಂಡುಬಿಡಬಹುದು. ಒಪ್ಕೊಂಡ್ರೆ ಅವತ್ತೇ ಮನೆ. ಬೇಡ ಅಂದ್ರೆ ಇನ್ನೆಷ್ಟು ದಿನವೋ."

ಮಾರ್ಚ್ ೫, ಸೋಮವಾರ

ಮೇಲಿನ ಮಹಡಿ. ನದಿಯ ಕಡೆಯಿಂದ ಕೊಕ್ಕರೆಗಳ ಕೂಗು. ವಸಂತದ ವಲಸೆಗೆ ಬಂದುಬಿಟ್ಟಿವೆ, ಸಾವಿರಾರು. ಕಿಟಕಿ ಮುಚ್ಚಿದ್ದರೂ ಕೋಣೆಯ ತುಂಬ ಆ ಸದ್ದು.

ಜಡ್ಜು ಒಂದೊಂದೇ ಕೇಳಿದರು. ಯಾರಾದರೂ ಹೆದರಿಸಿದ್ದಾರಾ? ಇಲ್ಲ. ಜ್ಯೂರಿಯ ಹಕ್ಕು ಬಿಡುತ್ತಿದ್ದೀಯ, ಗೊತ್ತಾ? ಗೊತ್ತು. ನಿನ್ನ ಉತ್ತರ ಏನು?

ವೇಡ್ ಸುಮ್ಮನೆ ನಿಂತ. ಎಷ್ಟು ಹೊತ್ತೋ. ಅರ್ಲೀನ್ ಮುಂದಿನ ಸಾಲಿನಲ್ಲಿದ್ದಳು, ಅವನ ಹೊಸ ಷರಟು ಮಡಿಲಲ್ಲಿ. ಮನೆಗೆ ಹೋಗಲು ತಂದದ್ದು. ಒಪ್ಪಿಕೊಂಡುಬಿಡು ಎಂದು ನಾನೂ ಬೇಡಿಕೊಂಡೆ. ನಾಚಿಕೆಯಿಲ್ಲದೆ ಬೇಡಿಕೊಂಡೆ. ಒಪ್ಪಿಕೊಂಡರೆ ಎಲ್ಲ ಮುಗಿಯುತ್ತದೆ, ನನಗೂ.

"ನಾನು ಮಾಡಿಲ್ಲ," ಅಂದ.

ಮತ್ತೆ ಜೈಲಿಗೆ ಕರೆದೊಯ್ದರು. ಅರ್ಲೀನ್ ಷರಟನ್ನು ಮತ್ತೆ ಮಡಿಸಿದಳು, ಮಡಿಸಿದ್ದನ್ನೇ.

ಮಾರ್ಚ್ ೮, ಗುರುವಾರ

ಮತ್ತೆ ಪ್ರಮಾಣ ಮಾಡಿ ಹೇಳಿಕೆ, ಈ ಸಲ ಜಡ್ಜು ಇಲ್ಲದೆ: ಇಬ್ಬರು ವಕೀಲರು, ಟೈಪಿಸುವ ಹುಡುಗಿ, ನಾನು. ಹಾಲ್ವರ್ಸನ್ ಮುಖ ಕೆಂಪಗಿತ್ತು.

"ಸುಳ್ಳು ಹೇಳಿದ್ದು ಯಾವಾಗ? ಆಗ್ಲಾ, ಈಗ್ಲಾ?"

"ಆಗ ಸುಳ್ಳು ಹೇಳ್ಲಿಲ್ಲ. ನಿಜಾನೂ ಹೇಳ್ಲಿಲ್ಲ."

"ಅದು ಉತ್ತರ ಅಲ್ಲ."

"ಮುಖ ನೋಡ್ಲಿಲ್ಲ. ನೋಡಿದೆ ಅನ್ಕೊಂಡೆ. ಜನವರೀಲೇ ನಿಮಗೆ ಹೇಳಿದೆ. ಸೂಪ್ ಕುಡೀರಿ ಅಂದ್ರಿ."

ಟೈಪಿಸುವ ಹುಡುಗಿ ಕೈ ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ಅದನ್ನೂ ಟೈಪ್ ಮಾಡಿದಳು.

ಮಾರ್ಚ್ ೨೦, ಮಂಗಳವಾರ

ಹಾಲ್ವರ್ಸನ್ ತಾನೇ ಎದ್ದು ಕೇಸು ಕೈಬಿಡುತ್ತೇವೆ ಅಂದ. ಜಡ್ಜು ಸಹಿ ಹಾಕಿ ಮುಂದಿನ ಫೈಲು ತೆರೆದರು. ಐದು ತಿಂಗಳು, ಮುಗಿಯಲು ಮೂರು ನಿಮಿಷ. ನನ್ನ ಮೇಲೆ ಏನೂ ಕ್ರಮ ಇಲ್ಲವಂತೆ.

ಮಾರ್ಚ್ ೩೧, ಶನಿವಾರ

ಅಂಗಡಿಯಲ್ಲಿ ಎಲ್ಡನ್ ಸಿಕ್ಕ. ಟೋಪಿ ತೆಗೆದ, ಯಾವಾಗಿನಂತೆ.

"ಹಂಗಾದ್ರೆ ನನ್ನ ಕುದುರೆಗಳನ್ನ ಸುಟ್ಟೋನು ಯಾರು ಲವಾನ್?"

"ಗೊತ್ತಿಲ್ಲ ಎಲ್ಡನ್."

"ಮೊದ್ಲು ಗೊತ್ತಿತ್ತಲ್ಲ. ಅವಾಗ ರಾತ್ರಿ ನಿದ್ದೆ ಬರ್ತಿತ್ತು ನಂಗೆ."

ಏಪ್ರಿಲ್ ೧೪, ಶನಿವಾರ

ಯಾರ್ಡಿನಲ್ಲಿ ಬಸ್ಸು ತೊಳೆಯುತ್ತಿದ್ದೆ. ವೇಡ್ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತ. ತೆಳ್ಳಗಾಗಿದ್ದಾನೆ. ಪೈಪು ಆಫ್ ಮಾಡಿದೆ. ಕ್ಷಮಿಸು ಎನ್ನಲು ಬಾಯಿ ತೆರೆದೆ. ಬೇಡ ಎಂದು ಕೈ ತೋರಿಸಿದ.

"ಒಂದೇ ಕೇಳ್ತೀನಿ. ಅವತ್ತು ಬೆರಳು ತೋರಿಸಿದ್ರಲ್ಲ, ನಿಜವಾಗ್ಲೂ ನಂಬಿದ್ರಾ?"

"ನಂಬಿದ್ದೆ."

"ಅದೇ. ನೀವು ಸುಳ್ಳು ಹೇಳೋರಲ್ಲ ಅಂತ ನಂಗೆ ಗೊತ್ತಿತ್ತು. ಮೂರನೇ ತಿಂಗಳು ನಂಗೇ ಕನಸು ಬೀಳೋಕೆ ಶುರುವಾಯ್ತು. ಮಂಜಲ್ಲಿ ನಡೀತಿದೀನಿ, ಹಿಂದೆ ಬಸ್ಸಿನ ಸದ್ದು. ಎದ್ದು ಕೂತು ಯೋಚ್ನೆ ಮಾಡ್ತಿದ್ದೆ. ಮಾಡಿದ್ನಾ? ಹೋಗಿದ್ನಾ? ಆ ಸೋಮವಾರ ಜಡ್ಜ್ ಕೇಳ್ದಾಗ ಯಾಕೆ ಅಷ್ಟು ಹೊತ್ತು ನಿಂತೆ ಅನ್ಕೊಂಡ್ರಿ?"

"ಮನೆಗೆ ಹೋಗೋ ಆಸೆ ಅನ್ಕೊಂಡೆ."

"ಅಲ್ಲ. ನೆನಪು ಮಾಡ್ಕೋತಿದ್ದೆ."

ಬಸ್ಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಎದ್ದ. ವಯೋಮಿಂಗ್ ರಾಜ್ಯದಲ್ಲಿ ಕೆಲಸ ಸಿಕ್ಕಿದೆಯಂತೆ, ನಾಳೆ ಹೊರಡುತ್ತಾನೆ. "ಅಮ್ಮ ಒಬ್ಳೇ ಆಗ್ತಾಳೆ," ಅಂದ.

ಏಪ್ರಿಲ್ ೧೫, ಭಾನುವಾರ, ಮಧ್ಯಾಹ್ನ ಮೂರು

ಚರ್ಚಿಗೆ ಹೋಗಲಿಲ್ಲ. ರಾತ್ರಿ ಕನಸಿಲ್ಲ, ತಿಂಗಳುಗಳ ಮೇಲೆ ಮೊದಲ ಸಲ. ಕೊಕ್ಕರೆಗಳೂ ಹೋದವು. ಆಕಾಶ ಖಾಲಿ ಖಾಲಿ.

ಗೇಟಿನ ಹತ್ತಿರ ಕಾರೊಂದು ನಿಂತು ಹತ್ತು ನಿಮಿಷವಾಯಿತು. ಅರ್ಲೀನ್‌ಳದು. ಮಗನನ್ನು ಬೀಳ್ಕೊಟ್ಟು ನೇರ ಇಲ್ಲಿಗೇ ಬಂದಿರಬೇಕು. ಎಂಜಿನ್ ಆಫ್ ಮಾಡಿಲ್ಲ. ಇಳಿದಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿದೆ.

ಬಯ್ಯಲು ಬಂದಿದ್ದರೂ ಸರಿಯೇ.

ಈಗ ಎಂಜಿನ್ ನಿಂತಿತು. ಬಾಗಿಲು ತೆರೆಯುತ್ತಿದ್ದಾಳೆ. ನಾನೇ ಮೊದಲು ಹೋಗಿ—